ಒಂದು ಬೀಳಬೇಕಿತ್ತು

ಪಕ್ಕದ ಮನೆಯ ಕೊಟ್ರಮ್ಮ ಎರಡನೆಯ ಕೊಡವನ್ನೂ ಕಟ್ಟೆಯ ಮೇಲೆ ಸುರಿದು ಪೊರಕೆಯಿಂದ ಬರ್ರನೆ ಎಳೆಯುತ್ತಿದ್ದಾಗ ಸಮತಾ ಅಂಗಳಕ್ಕೆ ಕಾಲಿಟ್ಟಳು. ಹರಪನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ಒತ್ತಿಕೊಂಡು ತಡೆದಿದ್ದ ಅಳು ಇನ್ನೇನು ಒಡೆಯಬೇಕು, ಅಷ್ಟರಲ್ಲಿ ಕಣ್ಣು ಕಟ್ಟೆಯ ಮೇಲೆ ಬಿತ್ತು.

"ಅತ್ತಿ, ಬುಟ್ಟಿ ಎಲ್ಲಿ?"

"ಯಾವ ಬುಟ್ಟಿಬೇ?"

"ಇಲ್ಲಿ ಬೋರಲು ಹಾಕಿತ್ತಲ್ಲ, ಮ್ಯಾಲೊಂದು ಕಲ್ಲು ಹೇರಿ. ಅದರ ಅಡಿಗೆ ಆಟದ ಕಾಯಿ ಇದ್ವು."

ಕೊಟ್ರಮ್ಮ ಗೋಡೆಗೆ ಆನಿಸಿಟ್ಟ ಬುಟ್ಟಿಯನ್ನು ತೋರಿಸಿದಳು. "ನಿಮ್ಮಪ್ಪನ್ನ ಮಲಗಸಾಕ ಕಟ್ಟಿ ತೊಳೀಬೇಕಲ್ಲವ್ವಾ. ಸತ್ತ ಮನಿ ಕಟ್ಟಿ ಹಂಗ ಬಿಡ್ತಾರೇನು? ಅಡಿಗೆ ಏನೋ ಬಳಿ ಚೂರು, ಬೀಜ ಗೀಜ ಇದ್ವು. ನೀರಿನ ಜತಿ ಹೋದ್ವು."

ಹೆತ್ತಪ್ಪನ ಮುಖ ನೋಡುವ ಮೊದಲು ಮಗಳು ಬುಟ್ಟಿ ಕೇಳಿದಳು ಅನ್ನುವುದನ್ನು ಕೊಟ್ರಮ್ಮ ಮುಂದೆ ಎಷ್ಟು ದಿನ ಓಣಿಯಲ್ಲಿ ಹೇಳಿಕೊಂಡು ತಿರುಗಾಡುವವಳಿದ್ದಳೋ, ಅವಳಿಗೇ ಗೊತ್ತು. ಆ ಹೊತ್ತಿನಲ್ಲಿ ಮಾತ್ರ ಅವಳಿಗೂ ಹೆದರಿಕೆಯಾಯಿತು. ಸಮತಾ ಕೈಚೀಲವನ್ನು ಎಸೆದವಳೇ ಕಟ್ಟೆಯ ಕೆಳಗಿನ ಚರಂಡಿಯ ಬದಿಗೆ ಕೂತು, ಕೆಸರಿನಲ್ಲಿ ಬೆರಳಾಡಿಸಲು ಶುರು ಮಾಡಿದ್ದಳು. ದಿನಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೈಗೆ ಗ್ಲೌಸು ಹಾಕಿಕೊಂಡೇ ಎಲ್ಲವನ್ನೂ ಮುಟ್ಟುವ ಹೆಣ್ಣು ಅದು.

ಒಳಗಿನಿಂದ ತಮ್ಮ ಕ್ರಾಂತಿಕುಮಾರ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಅಪ್ಪನಿಗಾಗಿ ದಿನಾ ಕೊಟ್ಟೂರಿನಿಂದಲೇ ಹೋಗಿ ಬರುತ್ತಿದ್ದ. ಕಣ್ಣು ಕೆಂಪಗೆ ಊದಿದ್ದವು.

"ಅಕ್ಕಾ, ಮೊದಲು ಅಪ್ಪನ್ನ ನೋಡು ಬಾ."

"ಕಾಯಿ ಹೋದ್ವೋ ಕ್ರಾಂತಿ."

"ಅಪ್ಪನ ಹೋಗ್ಯಾನ. ಕಾಯಿ ತಗಂಡು ಏನ್ ಮಾಡ್ತಿ?"

ಆಗ ಅವಳಿಗೆ ಅಳು ಬಂತು. ಕೆಸರುಗೈಯನ್ನು ಎತ್ತಿ ಹಿಡಿದುಕೊಂಡೇ ತಮ್ಮನ ಭುಜಕ್ಕೆ ಹಣೆ ಹಚ್ಚಿ ಜೋರಾಗಿ ಅತ್ತಳು. ಅವನೂ ಅತ್ತ. ಕೊಟ್ರಮ್ಮ ಪೊರಕೆ ಕೆಳಗಿಟ್ಟು ಇಬ್ಬರಿಗಿಂತ ಜೋರಾಗಿ ಅತ್ತಳು. ಅಳು ತುಸು ಇಳಿದ ಮೇಲೆ ಮೂಗೊರೆಸಿಕೊಂಡು, ತಾನೂ ಚರಂಡಿಗೆ ಕೈ ಹಾಕಿ ಹುಡುಕಲು ಕೂತಳು.

ಒಂದೊಂದಾಗಿ ಸಿಕ್ಕವು. ಕೆಂಪು ಬಳೆಯ ಚೂರು, ಅದು ಸಮತಾಳ ಕಾಯಿ. ಹಿತ್ತಾಳೆಯ ಗುಂಡಿ, ಅದು ತುತ್ತೂರಿ ಊದುವ ಮೈಲಾರೇಶನದು. ಒಂದು ಔಡಲ ಬೀಜ, ಹಲಗೆ ಬಾರಿಸುವ ಜಂಬಣ್ಣನದು. ಕಡೆಗೆ ಸಿಕ್ಕಿದ್ದು ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಬಿದಿರಿನ ಸೀಳಿನ ತುದಿ, ಉಗುರಿನಷ್ಟು ಅಗಲ. ಅದು ಅಪ್ಪನದು. ದಾಳದ ಬದಲು ಎಸೆಯುವ ನಾಲ್ಕು ಹುಣಸೆ ಬೀಜಗಳೂ ಸಿಕ್ಕವು, ಒಂದು ಮಗ್ಗುಲು ಕರಿ, ಕಲ್ಲಿಗೆ ತಿಕ್ಕಿದ ಇನ್ನೊಂದು ಮಗ್ಗುಲು ಬಿಳಿ. ಮೇಲೆ ಬಿದ್ದ ಬಿಳಿ ಎಷ್ಟೋ, ಕಾಯಿ ಅಷ್ಟು ಮನೆ ನಡೆಯುತ್ತದೆ.

ಎಲ್ಲಾ ಸಿಕ್ಕವು. ಆದರೆ ಯಾವ ಕಾಯಿ ಯಾವ ಮನೆಯಲ್ಲಿತ್ತು ಅನ್ನುವುದು ಕೊಟ್ರಮ್ಮನ ಎರಡು ಕೊಡ ನೀರಿನಲ್ಲಿ ಹರಿದುಹೋಗಿತ್ತು.

*

ಬ್ಯಾಂಡ್ ಮಾಸ್ತರ್ ಹುಲುಗಪ್ಪ ಅಂದರೆ ಕೊಟ್ಟೂರು, ಕೂಡ್ಲಿಗಿ, ಹಡಗಲಿಯ ಕಡೆ ಮದುವೆಯಾದ ಅರ್ಧ ಜನಕ್ಕೆ ಗೊತ್ತು. ಹೆಸರು ಗೊತ್ತಿರಲಿಕ್ಕಿಲ್ಲ, ಭುಜದ ಮೇಲೆ ಜರಿ ಹಚ್ಚಿದ ಕೆಂಪು ಕೋಟಿನಲ್ಲಿ ಮದುಮಗನ ಕುದುರೆಯ ಮುಂದೆ ಹಿಂದುಹಿಂದಕ್ಕೆ ನಡೆಯುತ್ತಾ ಕ್ಲಾರಿನೆಟ್ ಊದಿದವನು ಅಂದರೆ ಸಾಕು. ಕೇಳಿದ ಸಿನಿಮಾ ಹಾಡನ್ನೆಲ್ಲ ಊದುತ್ತಿದ್ದ. ಅದು ಹೊಟ್ಟೆಪಾಡು.

ಅಮಾವಾಸ್ಯೆಗೆ ಮದುವೆ ಇರುವುದಿಲ್ಲ. ಬ್ಯಾಂಡಿನವರಿಗೆ ತಿಂಗಳಿಗೊಂದು ಪುಕ್ಕಟೆ ರಜೆ. ಉಳಿದವರು ನಿದ್ದೆ ಹೊಡೆಯುತ್ತಿದ್ದರು. ಹುಲುಗಪ್ಪನಿಗೆ ಮಾತ್ರ ಅವತ್ತು ಬೆಳಗಿನಿಂದಲೇ ಮೈಯೆಲ್ಲ ಹುರುಪು. ಅವನ ಮನೆಯ ಕಟ್ಟೆಯ ಚಪ್ಪಡಿಯಲ್ಲಿ ಯಾರೋ ಹಿಂದಿನವರು ಚೌಕಾಬಾರದ ಮನೆಗಳನ್ನು ಕೊರೆದಿದ್ದರು. ಅಡ್ಡ ಐದು, ಉದ್ದ ಐದು. ಹೊರಗಿನಿಂದ ಸುತ್ತಿ ಸುತ್ತಿ ಒಳಗೆ ಬಂದು ನಡುಮನೆ ಮುಟ್ಟಬೇಕು, ಎಲ್ಲರೂ ಆಡುವ ಆಟವೇ. ಮಕ್ಕಳ ಜೊತೆ ಆಡುವಾಗ ಕಾಯಿ ನಡೆಸುತ್ತಾ ಮನೆಗೊಂದು ಸದ್ದು ಬಾಯಲ್ಲೇ ಮಾಡುವುದು ಅವನಿಗೆ ಚಟ. ಮೊದಲನೆಯ ಮನೆಗೆ ಮಂಡಕ್ಕಿ ಮಾರುವವನ ಕೂಗು. ಐದನೆಯದಕ್ಕೆ ಬಸ್ಸು ಹಿಂದಕ್ಕೆ ಬರುವಾಗ ಕಂಡಕ್ಟರ್ ಊದುವ ಸೀಟಿ. ಒಂಬತ್ತಕ್ಕೆ ಶೇಂಗಾ ಒಡೆಯುವ ಮಿಷನ್ನು, ಹದಿನೇಳಕ್ಕೆ ಸ್ಟೇಷನ್ನಿನಿಂದ ಹೊರಡಲೋ ಬೇಡವೋ ಅನ್ನುವ ರೈಲು. ಹಾಗೇ ಇಪ್ಪತ್ತನಾಲ್ಕು ಮನೆಗೆ ಇಪ್ಪತ್ತನಾಲ್ಕು ಸೊಲ್ಲು ಕೂಡಿಕೊಳ್ಳುತ್ತಾ ಬಂದವು.

"ಲೇ ಜಂಬಣ್ಣಾ, ಇದನ್ನ ನಾಲ್ಕು ಮಂದಿ ನಾಲ್ಕು ವಾದ್ಯ ಹಿಡಕೊಂಡು ಆಡಿದ್ರ ಹೆಂಗ?" ಅಂತ ಒಂದು ಅಮಾವಾಸ್ಯೆ ಕೇಳಿದ್ದ.

ನಾಲ್ವರಿಗೆ ಒಂದೊಂದೇ ಕಾಯಿ. ಬೀಜ ಎಸೆಯುವುದು, ಕಾಯಿ ಯಾವ ಮನೆಗೆ ಬಿತ್ತೋ ಆ ಮನೆಯ ಸೊಲ್ಲನ್ನು ಮುಂದಿನ ಪಾಳಿ ಬರುವ ತನಕ ತಿರುತಿರುಗಿ ಬಾರಿಸುವುದು. ನಾಲ್ಕು ವಾದ್ಯ, ನಾಲ್ಕು ಮನೆ, ಎಲ್ಲಾ ಒಟ್ಟಿಗೆ. ಒಬ್ಬರ ಕಾಯಿಯನ್ನು ಇನ್ನೊಬ್ಬರು ಕಡಿದರೆ ಕಡಿಸಿಕೊಂಡವರು ಮತ್ತೆ ಮೊದಲಿನಿಂದ, ಮಂಡಕ್ಕಿ ಮಂಡಕ್ಕಿ! ಹಲಗೆಯಲ್ಲಿ ಮಂಡಕ್ಕಿ ಮಾರುವುದು ಹೇಗೆ ಅಂತ ಜಂಬಣ್ಣ ಮೂರು ತಿಂಗಳು ತಲೆ ಕೆಡಿಸಿಕೊಂಡ. ಒಮ್ಮೆ ಬಾರಿಸಿದ್ದು ಇನ್ನೊಮ್ಮೆ ಬರುತ್ತಿರಲಿಲ್ಲ. ಬೀಜ ಹೇಗೆ ಬಿತ್ತೋ ಹಾಗೆ ಸಂಗೀತ. ಕೆಲವು ಅಮಾವಾಸ್ಯೆ ಕಿವಿ ಮುಚ್ಚಿಕೊಳ್ಳಬೇಕು ಅನ್ನುವಂತಿರುತ್ತಿತ್ತು. ಕೆಲವು ಸಲ, ಅದೂ ಯಾರೂ ನೆನೆಸದ ಹೊತ್ತಿಗೆ, ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡು ಎಷ್ಟು ಚಂದ ಬರುತ್ತಿತ್ತೆಂದರೆ ಬಾರಿಸುವವರೇ ನಕ್ಕುಬಿಡುತ್ತಿದ್ದರು.

ನಡುಮನೆಗೆ ಮಾತ್ರ ಸೊಲ್ಲಿಲ್ಲ. ಯಾರ ಕಾಯಿ ಅಲ್ಲಿಗೆ ಮುಟ್ಟಿತೋ ಆ ಕ್ಷಣಕ್ಕೆ ನಾಲ್ವರೂ ನಿಲ್ಲಿಸಬೇಕು. ಅಲ್ಲಿಗೆ ಆಟ ಮುಗಿಯಿತು.

"ಎಲ್ಲಾ ಒಮ್ಮಿಗೇ ನಿಂತ್ರ ಹೆಂಗ ಕೇಳ್ತೈತಪ್ಪಾ?" ಅಂತ ಹಿತ್ತಾಳೆಯ ಜೋಡಿ ತಾಳ, ಜಾಂಜು ಹಿಡಿದು ಕೂತ ಹತ್ತು ವರ್ಷದ ಸಮತಾ ಕೇಳಿದ್ದಳು.

"ನನಗೇನ್ ಗೊತ್ತವ್ವಾ, ನಾನೂ ಕೇಳಿಲ್ಲ," ಅಂದಿದ್ದ ಹುಲುಗಪ್ಪ.

ಕ್ರಾಂತಿ ಈ ಆಟಕ್ಕೆ ಬರಲಿಲ್ಲ. ಅದಕ್ಕೆ ಕಾರಣ ಅಪ್ಪನ ಕಳ್ಳಾಟ. ಹುಲುಗಪ್ಪ ಆಟದಲ್ಲಿ ಮಹಾ ಮೋಸಗಾರ. ಎರಡು ಬಿದ್ದರೆ ಮೂರು ನಡೆಸುತ್ತಿದ್ದ, ಸೀನುವ ನೆಪದಲ್ಲಿ ಬೀಜ ಮಗುಚುತ್ತಿದ್ದ. ಸಮತಾ ನಗುತ್ತಿದ್ದಳು, ಏಳು ವರ್ಷದ ಕ್ರಾಂತಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಮೈಯೆಲ್ಲ ನಡುಗಿಸಿಕೊಂಡು ಕೂಗುತ್ತಿದ್ದ: "ಕಳ್ಳಾಟ! ಅಪ್ಪಾ, ಕಳ್ಳಾಟ! ಇದು ಕಳ್ಳಾಟ ಅಪ್ಪಾ!" ಕಡೆಯ 'ಅಪ್ಪಾ' ಮೇಲಕ್ಕೇರಿ, ಅಲ್ಲೇ ಒಡೆದು ಅಳುವಾಗುತ್ತಿತ್ತು. ಒಂದು ದಿನ ಹಾಗೆ ಕೂಗಿ ಎದ್ದು ಹೋದವನು ಮತ್ತೆ ಆ ಕಟ್ಟೆಯ ಮೇಲೆ ಆಟಕ್ಕೆ ಕೂರಲಿಲ್ಲ. ದೊಡ್ಡವನಾದ ಮೇಲೂ ಅಮಾವಾಸ್ಯೆ ಬಂದರೆ ಪುಸ್ತಕ ಹಿಡಿದು ಸ್ನೇಹಿತರ ಮನೆಗೆ ಹೋಗುತ್ತಿದ್ದ.

*

ಹತ್ತು ಗಂಟೆಗೆ ಜಂಬಣ್ಣ, ಮೈಲಾರೇಶ ಬಂದರು. ಎಪ್ಪತ್ತು ದಾಟಿದ ಜಂಬಣ್ಣನ ಹೆಗಲಿಗೆ ಹಲಗೆ, ಹಡಗಲಿಯಿಂದ ಬೈಕಿನಲ್ಲಿ ಬಂದ ಮೈಲಾರೇಶನ ಬೆನ್ನಿಗೆ ತುತ್ತೂರಿಯ ಚೀಲ. ಅಷ್ಟರಲ್ಲಿ ಹುಲುಗಪ್ಪನಿಗೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ ಕಟ್ಟೆಯ ಮೇಲೆ ಮಲಗಿಸಿದ್ದರು. ತಲೆದಿಂಬಿನ ಪಕ್ಕ ಬುದ್ಧನ ಪಟ, ಮೇಣದಬತ್ತಿ. ಚಪ್ಪಡಿಯ ಚೌಕಾಬಾರ ಅವನ ಬಲಗೈಗೆ ಮೊಳದಷ್ಟು ದೂರದಲ್ಲಿತ್ತು.

ಕ್ರಾಂತಿ ಅವರ ಹೆಗಲು ನೋಡಿ ಎದ್ದು ಬಂದ.

"ಮಾವಾ, ತಪ್ಪು ತಿಳೀಬ್ಯಾಡ್ರಿ. ಹಲಗಿ ಹೊರಗಿಡ್ರಿ."

"ಬಾರಸಾಕ ತಂದಿಲ್ಲಪ. ಬರಿಗೈಲೆ ಬಂದ್ರ ಹುಲುಗಣ್ಣ ನನ್ನ ಗುರ್ತು ಹಿಡಿಯಂಗಿಲ್ಲ," ಅಂದ ಜಂಬಣ್ಣ. ಅಂದವನೇ ಗೆಳೆಯನ ಪಾದ ಹಿಡಿದು ಕೂತುಬಿಟ್ಟ.

ಕ್ರಾಂತಿಯ ಮಾತಿನಲ್ಲಿ ಹಟ ಇರಲಿಲ್ಲ, ಕಾರಣ ಇತ್ತು. ಹುಲುಗಪ್ಪನ ಅಪ್ಪ ಹಂಪಸಾಗರದ ಕಡೆಯ ಹಳ್ಳಿಯಲ್ಲಿ ಊರವರ ಸಾವಿಗೆಲ್ಲ ಹಲಗೆ ಬಾರಿಸುತ್ತಿದ್ದ. ಯಾರ ಮೆಟ್ಟಿಲು ಹತ್ತುವ ಹಾಗಿರಲಿಲ್ಲವೋ ಅವರದೇ ಹೆಣದ ಮುಂದೆ ಬಿಸಿಲಲ್ಲಿ ಕುಣಿಯಬೇಕಿತ್ತು. ಅವನು ಜ್ವರ ಹಿಡಿದು ಮಲಗಿದ ಒಂದು ದಿನ ಹನ್ನೆರಡು ವರ್ಷದ ಹುಲುಗಪ್ಪನ ಕೊರಳಿಗೆ ಹಲಗೆ ಹಾಕಿ ಕಳಿಸಿದರು. ಅವತ್ತೇ ಕಡೆ. ಹುಡುಗ ಕೊಟ್ಟೂರಿಗೆ ಓಡಿಬಂದು ಬ್ಯಾಂಡ್ ಸೇರಿದ. ನಗುವವರ ಮುಂದೆ ಬೇಕಾದರೆ ಇಡೀ ದಿನ ಊದುತ್ತೇನೆ, ಸಾವಿಗೆ ಮಾತ್ರ ವಾದ್ಯ ಮುಟ್ಟುವುದಿಲ್ಲ ಅಂದವನು ಹೆಂಡತಿ ಗಾಳೆಮ್ಮ ತೀರಿಕೊಂಡಾಗಲೂ ಮುಟ್ಟಲಿಲ್ಲ.

"ಅವ್ವ ಹೋದಾಗ ಅಪ್ಪ ಒಂದು ಸೊರಾ ಊದಲಿಲ್ಲ," ಕ್ರಾಂತಿ ಎಲ್ಲರಿಗೂ ಕೇಳುವಂತೆ ಹೇಳಿದ. "ಮೂರು ಗಂಟೆಗೆ ಸಂಘದ ಹಿರಿಯರು ಬಂದು ಬುದ್ಧವಂದನೆ ಹೇಳ್ತಾರ. ಆಮ್ಯಾಲೆ ಸುಮ್ಮನ, ಸದ್ದಿಲ್ಲದ ತಗಂಡು ಹೋಗೋದು. ಅಪ್ಪನ ಮಾತು ಅಪ್ಪನಿಗಾದ್ರೂ ನಡೀಲಿ."

ಸಮತಾ ನಾಲ್ಕೂ ಕಾಯಿಗಳನ್ನು ತೊಳೆದು ಅಂಗೈಯಲ್ಲಿ ಹಿಡಿದು ಕೂತಿದ್ದಳು.

"ಸಾವಿಗೆ ಬಾರಸೋದು ಬ್ಯಾಡ," ಅಂದಳು. "ಆದ್ರ ಅಪ್ಪನ ಪಾಳಿ ಒಂದು ಉಳದೈತಿ ಕ್ರಾಂತಿ. ಅದನ್ನ ಮುಗಿಸಿ ಕಳಸಾಣ."

"ಆಟನಾ? ಇವತ್ತಾ?"

"ಇವತ್ತಲ್ದ ಇನ್ಯಾವತ್ತು?"

"ಅಕ್ಕಾ, ನಿನಗ ಬುದ್ಧಿ ನೆಟ್ಟಗ ಐತೇನು?" ಅಂದ ಕ್ರಾಂತಿ.

*

ಕಡೆಯ ಆಟ ನಡೆದದ್ದು ಹೋದ ವರ್ಷದ ಒಂದು ಅಮಾವಾಸ್ಯೆ, ಮಧ್ಯಾಹ್ನ. ವರ್ಷಗಟ್ಟಲೆ ಎಳೆದುಕೊಂಡು ಬಂದಿದ್ದ ಆಟ. ಸಂಜೆ ನಿಲ್ಲಿಸಿದಾಗ ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಬುಟ್ಟಿ ಬೋರಲು ಹಾಕುವುದು, ಮುಂದಿನ ಅಮಾವಾಸ್ಯೆಗೆ ಅಲ್ಲಿಂದಲೇ ಎತ್ತಿಕೊಳ್ಳುವುದು. ಇಷ್ಟು ವರ್ಷದಲ್ಲಿ ಒಂದು ಕಾಯಿಯೂ ನಡುಮನೆ ಮುಟ್ಟಿರಲಿಲ್ಲ. ಯಾರಾದರೂ ಹತ್ತಿರ ಹೋದರೆ ಸಾಕು, ಹುಲುಗಪ್ಪ ಏನಾದರೂ ಹಿಕಮತ್ತು ಮಾಡಿ ಕಡಿದುಬಿಡುತ್ತಿದ್ದ.

ಅವತ್ತು ಅವನದೇ ಕಾಯಿ ಇಪ್ಪತ್ತನಾಲ್ಕನೆಯ ಮನೆಗೆ ಬಂತು. ಆ ಮನೆಗೆ ಅಲ್ಲಿಯವರೆಗೆ ಯಾರ ಕಾಯಿಯೂ ಬಂದಿರಲಿಲ್ಲ. ಅದರ ಸೊಲ್ಲನ್ನು ಹುಲುಗಪ್ಪ ಎಲ್ಲಕ್ಕಿಂತ ಕಡೆಗೆ ಕೂಡಿಸಿ, ಯಾರಿಗೂ ಕೇಳಿಸದೆ ಇಟ್ಟುಕೊಂಡಿದ್ದ. ಅವನು ಕಣ್ಣು ಮುಚ್ಚಿ ಬಹಳ ಸಣ್ಣಗೆ ಊದಿದ. ಉಳಿದ ಮೂವರೂ ತಮ್ಮ ತಮ್ಮ ಗದ್ದಲದಲ್ಲಿದ್ದರು, ಸರಿಯಾಗಿ ಕಿವಿಗೆ ಬೀಳಲಿಲ್ಲ. ಮತ್ತೆ ಅವನ ಪಾಳಿ ಬಂತು. ನಡುಮನೆಗೆ ಒಂದು ಬೀಳಬೇಕಿತ್ತು. ಬೀಜ ಎಸೆದ.

ಮೂರು ಕರಿ, ಒಂದು ಬಿಳಿ. ಸಮತಾ ಕಣ್ಣಾರೆ ನೋಡಿದಳು.

ಹುಲುಗಪ್ಪ ಥಟ್ಟನೆ ಅಂಗೈಯಿಂದ ಬೀಜಗಳನ್ನು ಬಾಚಿದ. "ಗಾಳಿ ಬಂತು, ಗಾಳಿ ಬಂತು. ಇದು ಲೆಕ್ಕಕ್ಕಿಲ್ಲ."

"ಅಪ್ಪಾ, ಒಂದು ಬಿದ್ದಿತ್ತು!"

"ಎಲ್ಲಿ ಬಿದ್ದಿತ್ತಬೇ? ನಿನ್ನ ಕಣ್ಣಿಗೆ ಪೊರಿ ಬಂದೈತಿ."

ಜಂಬಣ್ಣ ನಕ್ಕ. ಸಮತಾಗೆ ಮಾತ್ರ ನಗು ಬರಲಿಲ್ಲ. ಹರಪನಹಳ್ಳಿಯಿಂದ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡು, ತಿಂಗಳು ತಿಂಗಳು ಬರುವುದು ಯಾತಕ್ಕೆ? ಒಂದು ಸಲ, ಒಂದೇ ಒಂದು ಸಲ ಅದು ಮುಗಿಯುವುದನ್ನು ಕೇಳಬೇಕು ಅಂತ. ಹತ್ತು ವರ್ಷದವಳಿದ್ದಾಗಿನಿಂದ ಕಾಯ್ದಿದ್ದಳು. ಜಾಂಜನ್ನು ಕೆಳಗೆ ಕುಕ್ಕಿದಳು.

"ಯಾಕಪ್ಪಾ ಮುಗಸಂಗಿಲ್ಲ ನೀನು?"

ಹುಲುಗಪ್ಪ ಕ್ಲಾರಿನೆಟ್ಟಿನ ಎಂಜಲು ಒರೆಸತೊಡಗಿದ. "ಮುಗಸಿಬಿಟ್ರ ನೀವೆಲ್ಲಾ ಎದ್ದು ಹೊಕ್ಕೀರಿ," ಅಂದ. ಆಮೇಲೆ ಅವಳ ಮುಖ ನೋಡಲಾರದೆ, "ಆತು ಬಿಡವ್ವಾ. ಮುಂದಿನ ಅಮಾಸಿಗೆ ಖರೇನ ಒಂದು ಹಾಕ್ತೀನಿ. ನಿನ್ನಾಣಿ," ಅಂದ.

ಮುಂದಿನ ಅಮಾವಾಸ್ಯೆಗೆ ಎಂಟು ದಿನ ಇರುವಾಗ ಲಕ್ವಾ ಹೊಡೆಯಿತು. ಎಡ ಮಗ್ಗುಲು ಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ಹೋಯಿತು. ಹನ್ನೊಂದು ಅಮಾವಾಸ್ಯೆ ಕಳೆದವು. ಹೊರಸಿನ ಮೇಲೆ ಮಲಗಿದಲ್ಲಿಂದ ಹುಲುಗಪ್ಪ ಬಾಗಿಲಾಚೆ ಕಾಣುವ ಬುಟ್ಟಿಯನ್ನೇ ನೋಡುತ್ತಿದ್ದ. ಕಟ್ಟೆಯ ಕಸ ಗುಡಿಸುವಾಗ ಕ್ರಾಂತಿ ದಿನಾ ಬುಟ್ಟಿಯ ಸುತ್ತ ಗುಡಿಸುತ್ತಿದ್ದ, ಒಂದು ದಿನವೂ ಎತ್ತಲಿಲ್ಲ.

*

ಮಧ್ಯಾಹ್ನ ಒಂದಾಯಿತು. ನೋಡಲು ಬಂದವರು ಹೂವಿಟ್ಟು, ಕೈಮುಗಿದು, ಬೇವಿನ ನೆರಳಿನಲ್ಲಿ ಕೂತಿದ್ದರು. ಸಮತಾ ಚಪ್ಪಡಿಯ ಮುಂದೆ ಕೂತು ಬಳೆಚೂರನ್ನು ಒಂದು ಮನೆಯಲ್ಲಿಟ್ಟಳು, ತೆಗೆದಳು, ಪಕ್ಕದಲ್ಲಿಟ್ಟಳು.

"ಅಪ್ಪಂದು ಇಪ್ಪತ್ನಾಕು, ಅದು ಗೊತ್ತು. ಜಂಬಣ್ಣ ಮಾವಾ, ನಿಂದು ಎಲ್ಲಿತ್ತು?"

"ವರ್ಷ ಆಗಾಕ ಬಂತಲ್ಲವ್ವಾ. ತಲಿಯಾಗಿಲ್ಲ." ಜಂಬಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. "ಕೈಯಾಗ ಇರಬೇಕು."

ಅವನು ಎದ್ದು ಹಲಗೆ ತಂದ. ಕ್ರಾಂತಿ ಅಡ್ಡ ಬಂದ.

"ಮಾವಾ."

"ಬಾರಸಂಗಿಲ್ಲಪ ನಾನು. ಹುಡುಕ್ತೀನಿ. ಕೆಸರಾಗ ಹುಡುಕಿದ್ರಲ್ಲ, ಹಂಗ."

ಕ್ರಾಂತಿ ಪಕ್ಕಕ್ಕೆ ಸರಿದ. ಜಂಬಣ್ಣ ಕಡ್ಡಿಯಿಂದ ಮೆಲ್ಲಗೆ, ತೊಗಲಿಗೆ ನೋವಾಗದ ಹಾಗೆ ಮಂಡಕ್ಕಿಯಿಂದ ಶುರು ಮಾಡಿದ. ಎರಡು, ಮೂರು, ನಾಲ್ಕು. ಸೀಟಿ ಬಂತು, ಶೇಂಗಾ ಮಿಷನ್ನು ಬಂತು, ಕೈ ಮುಂದಕ್ಕೆ ಹೋಯಿತು. ಹದಿಮೂರಕ್ಕೆ ಬಂದಾಗ ಕೈ ಅಲ್ಲೇ ಸುತ್ತತೊಡಗಿತು. ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ.

"ಇಲ್ಲೇ ಐತಿ," ಅಂದ ಜಂಬಣ್ಣ. "ಇಲ್ಲಿಂದ ಮುಂದಕ ಕೈ ಏಳವಲ್ದು."

ಕೊಟ್ರಮ್ಮ ಹೂವು ಕಟ್ಟುತ್ತಿದ್ದವಳು ತಲೆಯೆತ್ತಿದಳು. "ಹೌದಾ, ಇದು... ಇದು ನಾನು ಎಮ್ಮಿ ಕರಿಯೋದಲ್ಲೇನು?"

"ಹೌದತ್ತಿ," ಅಂದಳು ಸಮತಾ. "ಹದಿಮೂರನೇ ಮನಿ ನಿಂದ."

"ಅಯ್ಯ ಇವನ ಬಾಯಾಗ ಮಣ್ಣಾಕ! ಇಪ್ಪತ್ತೈದು ವರ್ಷ ಇದನ್ನ ಬಾರಿಸ್ಯಾನ, ನನಗೊಂದು ಮಾತು ಹೇಳಿಲ್ಲ ನೋಡು!" ಅಂದು, ಅಂದದ್ದು ಯಾರಿಗೆ ಅನ್ನುವುದು ಆಮೇಲೆ ನೆನಪಾಗಿ, ನಾಲಿಗೆ ಕಚ್ಚಿಕೊಂಡು, ಹೂವನ್ನು ಕಣ್ಣಿಗೊತ್ತಿಕೊಂಡಳು. ಬೇವಿನ ನೆರಳಿನಲ್ಲಿದ್ದವರಲ್ಲಿ ಒಬ್ಬಿಬ್ಬರಿಗೆ ನಗು ತಡೆಯಲಾಗಲಿಲ್ಲ.

ಮೈಲಾರೇಶ ತುತ್ತೂರಿಗೆ ಅಂಗವಸ್ತ್ರ ತುರುಕಿ ಸದ್ದು ಅಡಗಿಸಿಕೊಂಡು ಊದಿ ನೋಡಿದ. ಅವನದು ಹದಿನೇಳು, ಹೊರಡಲಾರದ ರೈಲು. ಸಮತಾ ಅಟ್ಟದಿಂದ ಜಾಂಜು ತಂದು ಅಂಚಿಗೆ ಅಂಚು ತಾಗಿಸುತ್ತಾ ಹೋದಳು. ಇಪ್ಪತ್ತರಲ್ಲಿ ಸಿಕ್ಕಿತು, ಕೊಳವೆಬಾವಿಯ ಪಂಪು ನೀರಿಗೆ ಮುಂಚೆ ಕೆಮ್ಮುವ ಸದ್ದು. ಮೂರು ಕಾಯಿಗಳೂ ತಮ್ಮ ಮನೆ ಸೇರಿದವು. ನಾಲ್ಕನೆಯದನ್ನು ಅವಳು ಇಪ್ಪತ್ತನಾಲ್ಕರಲ್ಲಿಟ್ಟಳು.

"ಇಟ್ಟಿಯಲ್ಲ, ಅದರ ಸೊಲ್ಲು?" ಅಂದ ಮೈಲಾರೇಶ.

ಯಾರಿಗೂ ಗೊತ್ತಿರಲಿಲ್ಲ. ಹುಲುಗಪ್ಪ ಅದನ್ನು ಒಂದೇ ಮಧ್ಯಾಹ್ನ ಊದಿದ್ದ, ಅದೂ ಕಳ್ಳನ ಹಾಗೆ ಮೆಲ್ಲಗೆ. ನಾಲ್ಕು ಸೊಲ್ಲು ಒಟ್ಟಿಗೆ ನಡೆಯದೆ ಬೀಜ ಎಸೆಯುವ ಹಾಗಿಲ್ಲ, ಅದು ಅವನೇ ಮಾಡಿದ ಕಟ್ಟುಪಾಡು. ಸಮತಾ ನೆನಪು ಮಾಡಿಕೊಳ್ಳಲು ಎಷ್ಟೋ ಹೆಣಗಿದಳು. ಪೊರಿ ಬಂದೈತಿ ಅಂದ ಅಪ್ಪನ ಮಾತು ನೆನಪಾಯಿತು, ಊದಿದ್ದು ನೆನಪಾಗಲಿಲ್ಲ. ನನ್ನ ಜಾಂಜಿನ ಗದ್ದಲದಲ್ಲಿ ಕಿವಿಗೊಡುವುದನ್ನೇ ಮರೆತಿದ್ದೆನಲ್ಲಾ ಅಂದುಕೊಂಡಳು. ಬಳೆಚೂರನ್ನು ಎತ್ತಿಕೊಳ್ಳಲು ಕೈಚಾಚಿದಳು.

"ಬಿಡ್ರಿ. ಆಗಂಗಿಲ್ಲ ಇದು."

"ತಡಿಯಕ್ಕಾ," ಅಂದ ಕ್ರಾಂತಿ.

ಅವನು ಕಟ್ಟೆಯ ಕಂಬಕ್ಕೆ ಒರಗಿ ನಿಂತಿದ್ದ.

"ಅಪ್ಪ ಮಾತು ಹೋದಮ್ಯಾಲೆ ಒಂದು ಗುನುಗ್ತಿದ್ದ. ಗಂಜಿ ಕುಡಿಸಬೇಕಾದ್ರ, ಮುಖ ತೊಳಿಸಬೇಕಾದ್ರ. ದಿನಾ ಅದ. ನಾನು ಹಲ್ಲು ನೋವಿರಬೇಕು ಅಂತಿದ್ದೆ." ಗೋಡೆಗೆ ಆನಿಸಿದ್ದ ಬುಟ್ಟಿಯ ಕಡೆ ಕೈ ತೋರಿಸಿದ. "ಬುಟ್ಟಿ ಕಡಿಗೆ ನೋಡಿ ಗುನುಗ್ತಿದ್ದ."

"ಹೆಂಗ?"

ಕ್ರಾಂತಿಗೆ ಹಾಡು ಬಾರದು. ಶಾಲೆಯಲ್ಲಿ ಪ್ರಾರ್ಥನೆಗೂ ತುಟಿ ಅಲ್ಲಾಡಿಸುತ್ತಿದ್ದ ಅಷ್ಟೆ. ಇಷ್ಟು ಜನರ ಮುಂದೆ ನಾಚಿಕೆಯಾಗಿ ನೆಲ ನೋಡುತ್ತಾ, ಬಾಯಿ ಮುಚ್ಚಿಕೊಂಡೇ ಗುನುಗಿದ. ಮೂರು ಸ್ವರ ಕುಟ್ಟಿದ ಹಾಗೆ. ಎರಡು ಎಳೆದು, ಮತ್ತೆ ಮೂರು. ಇನ್ನೂ ಒಮ್ಮೆ ಅದೇ ಮೂರು. ಕಡೆಯ ಸ್ವರ ಮೇಲಕ್ಕೇರಿ ಅಲ್ಲೇ ಒಡೆಯಿತು.

ಒಡೆಯುವುದು ತನಗೆ ಬಾರದ್ದರಿಂದ ಆದದ್ದು ಅಂದುಕೊಂಡು ಅವನು ಮತ್ತೆ ಗುನುಗಿದ. ಮತ್ತೆ ಅಲ್ಲೇ ಒಡೆಯಿತು.

ಸಮತಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಜಂಬಣ್ಣ ಅವಳನ್ನು ನೋಡಿದ, ಅವಳು ಜಂಬಣ್ಣನನ್ನು ನೋಡಿದಳು.

"ಕ್ರಾಂತಿ," ಅಂದಳು, "ಇದು ನೀನು."

"ಏನು?"

"ಕಳ್ಳಾಟ. ಅಪ್ಪಾ, ಕಳ್ಳಾಟ. ಇದು ಕಳ್ಳಾಟ ಅಪ್ಪಾ. ಸಣ್ಣಾವಿದ್ದಾಗ ಹಿಂಗ ಒದರ್ತಿದ್ದೆಲ್ಲೋ. ಕಡೀ ಮನಿಗೆ ನಿನ್ನ ಇಟ್ಟಾನ."

ಕ್ರಾಂತಿ ಅಪ್ಪನ ಸೊಟ್ಟ ಬಾಯಿಯನ್ನು, ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆಯನ್ನು ನೋಡುತ್ತಾ ನಿಂತ. ಹನ್ನೊಂದು ತಿಂಗಳು ತನ್ನ ಮುಖಕ್ಕೆ ಮುಖ ಕೊಟ್ಟು ಗುನುಗಿದ್ದನಲ್ಲ ಇವನು! ತಾನು ಚಮಚೆಯಿಂದ ಬಾಯಿ ಮುಚ್ಚಿಸಿದ್ದೆನಲ್ಲ! ಒಂದು ಸಲವಾದರೂ ಏನಪ್ಪಾ ಇದು ಅಂತ ಕೇಳಬಾರದಿತ್ತೇ? ಚಪ್ಪಡಿಯ ಬದಿಗೆ, ಅಪ್ಪನ ಬಲಗೈ ಹತ್ತಿರ ಹೋಗಿ ಕೂತ. ಇಪ್ಪತ್ತೈದು ವರ್ಷದ ಮೇಲೆ ಆ ಜಾಗದಲ್ಲಿ ಕೂತಿದ್ದ.

"ಸಾವಿಗೆ ಬ್ಯಾಡ ಅಂದೋನು ನೀನು. ಏನ್ ಮಾಡಾಣ ಹೇಳು," ಅಂದ ಜಂಬಣ್ಣ.

"ಇದು ಸಾವಿಗಲ್ಲಲ್ಲ ಮಾವಾ," ಅಂದ ಕ್ರಾಂತಿ. ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. "ಆಟ."

ಮೈಲಾರೇಶ ತುತ್ತೂರಿಯೊಳಗಿನ ಅಂಗವಸ್ತ್ರ ಕಿತ್ತು ತೆಗೆದ.

ಮೊದಲು ಎಮ್ಮೆ ಕರೆಯುವ ಹಲಗೆ ಎದ್ದಿತು. ಅದರ ಬೆನ್ನಿಗೆ ರೈಲು ನಿಟ್ಟುಸಿರು ಬಿಟ್ಟಿತು, ಪಂಪು ಕೆಮ್ಮಿತು. ಕ್ರಾಂತಿ ಈಗ ಬಾಯಿಬಿಟ್ಟೇ ಗುನುಗುತ್ತಿದ್ದ. ಮೊದಲೆರಡು ಸುತ್ತು ಎಲ್ಲಾ ಕಲಸುಮೇಲೋಗರ, ಬೇವಿನ ನೆರಳಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯ ಸುತ್ತಿನಲ್ಲಿ ರೈಲು ಹಲಗೆಯ ಜೊತೆಗೂಡಿತು. ಆಮೇಲೆ ನಾಲ್ಕೂ ಹೆಣೆದುಕೊಂಡವು. ನಡುವೆ ಆ ಹುಡುಗನ ಕೂಗು ಏರುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಏರುತ್ತಿತ್ತು. ಅಮಾವಾಸ್ಯೆಯೆಲ್ಲ ಪಕ್ಕದ ಮನೆಯಿಂದ ಬೈದವಳು ಕೊಟ್ರಮ್ಮ, ಅವಳೇ ಹೂವಿನ ದಾರ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಸಮತಾಳಿಗೆ ಅಪ್ಪ ಇದನ್ನು ಕೇಳಿದ್ದರೆ ನಗುತ್ತಿದ್ದ ಅನ್ನಿಸಿತು. ಕೇಳಬೇಕಾಗಿತ್ತು, ಒಂದು ದಿನ ಮುಂಚೆ, ಒಂದೇ ದಿನ ಮುಂಚೆ ಅನ್ನಿಸಿತು. ಜಾಂಜು ಬಡಿಯುತ್ತಲೇ ಅವಳು ಅಳುತ್ತಿದ್ದಳು.

ಬೀದಿಯಲ್ಲಿ ಕಾರು ಬಂದು ನಿಂತಿತು. ಬಿಳಿ ಅಂಗಿಯ ಹಿರಿಯರು ಮೂವರು ಇಳಿದು, ಅಂಗಳದ ಬಾಯಲ್ಲೇ ತಡೆದು ನಿಂತರು. ಮೂರು ಗಂಟೆಯಾಗಿತ್ತು.

"ಹಾಕವ್ವಾ," ಅಂತ ಸಮತಾಳಿಗೆ ಹೇಳಿ ಜಂಬಣ್ಣ ಬೇಡವೆಂದು ತಲೆಯಾಡಿಸಿದ. "ಅಲ್ಲಲ್ಲ. ಸೊಲ್ಲು ಹಿಡದಾವ್ರು ಹಾಕಬೇಕು. ಕ್ರಾಂತಿ, ಹಾಕಪ."

ಕ್ರಾಂತಿ ನಾಲ್ಕು ಬೀಜಗಳನ್ನು ಎತ್ತಿಕೊಂಡ. ಅಪ್ಪನ ಬಲಗೈಯನ್ನು ತನ್ನ ಕೈಯಿಂದ ಒಮ್ಮೆ ಮುಟ್ಟಿ, ಗುನುಗುವುದನ್ನು ಬಿಡದೆ, ಬೀಜ ಎಸೆದ. ಅವು ಚಪ್ಪಡಿಯ ಮೇಲೆ ಕುಣಿದು ಹರಡಿ ಬಿದ್ದವು.

ಎರಡು ಕರಿ, ಎರಡು ಬಿಳಿ.

ನಾಲ್ವರೂ ನೋಡಿದರು. ಕೈಗಳು ನಿಲ್ಲಲಿಲ್ಲ, ತುತ್ತೂರಿ ಸ್ವಲ್ಪ ಅಳುಕಿತು. ಎರಡಕ್ಕೆ ಕಾಯಿ ಒಳಗೆ ಹೋಗುವ ಹಾಗಿಲ್ಲ. ಪಾಳಿ ಮುಂದಕ್ಕೆ ಹೋಗಬೇಕು, ಮತ್ತೆ ಸುತ್ತಿಬರಬೇಕು. ಹಿರಿಯರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು.

ಸಮತಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ತಡೆಯಲಾರದೆ ತೆರೆದಳು.

ಕ್ರಾಂತಿ ಮುಂದಕ್ಕೆ ಬಾಗಿದ್ದ. ಎಲ್ಲರೂ ನೋಡುತ್ತಿರುವಾಗಲೇ, ಕೈ ಅಡ್ಡ ಹಿಡಿಯದೆ, ಸೀನುವ ನೆಪವನ್ನೂ ಮಾಡದೆ, ಹೆಬ್ಬೆರಳಿನಿಂದ ಒಂದು ಬಿಳಿ ಬೀಜವನ್ನು ಮಗುಚಿದ.

"ಒಂದು," ಅಂದ.

ಸಮತಾ ಬಿದಿರಿನ ಸೀಳನ್ನು ಬೆರಳಿನಿಂದ ಮೆಲ್ಲಗೆ ನಡುಮನೆಗೆ ನೂಕಿದಳು. ಹಲಗೆ, ತುತ್ತೂರಿ, ಜಾಂಜು ಒಮ್ಮಿಗೇ ನಿಂತವು. ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಬೀಜ ಎಲ್ಲಿ ಮತ್ತೆ ಬಿಳಿಗೆ ಹೊರಳಿಬಿಡುತ್ತದೋ ಎಂಬಂತೆ ಕ್ರಾಂತಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೂತಿದ್ದ.